ರಾಯಚೂರಿನ ಕಪಾಟು, ಮಾನ್ವಿಯ ಹಾಡಿನ ಪುಸ್ತಕ

ರಾಯಚೂರು ಎಂದೊಡನೆ ನಮ್ಮ ಕಡೆಯ ಹೆಂಗಸರು “ಅಯ್ಯೋ, ಆ ಬಿಸಿಲೇ!” ಎಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾರೆ. ಮಂತ್ರಾಲಯಕ್ಕೆ ಹೋಗುವವರು ರೈಲಿನ ಕಿಟಕಿಯಿಂದ ಊರನ್ನು ನೋಡಿ ಮುಂದೆ ಸಾಗುವುದೇ ಹೆಚ್ಚು. ಏಪ್ರಿಲ್‌, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ನೋಡುವುದೇನಿದೆ ಎಂಬುದು ಅವರ ಪ್ರಶ್ನೆ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಸೀಮೆಗೆ ದಸರೆ ಕಳೆದ ಮೇಲೆ ಹೋಗಿ ನೋಡಿ. ಎರೆಹೊಲದಲ್ಲಿ ಹತ್ತಿ ಒಡೆದಿರುತ್ತದೆ. ತೊಗರಿ ಹೂ ಬಿಟ್ಟಿರುತ್ತದೆ. ಮನೆಗೆ ಬಂದವರಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ಬಡಿಸುವ ಕೈಗಳಿಗೆ ಬಡತನವಿಲ್ಲ.

ಈ ಸಲ ನಾನು ಹೋದದ್ದು ದೇವರ ದರ್ಶನಕ್ಕೂ ಅಲ್ಲ, ಮದುವೆಗೂ ಅಲ್ಲ. ರಾಯಚೂರಿನಲ್ಲಿರುವ ನಮ್ಮ ಕಾಕು ಬಹಳ ದಿನದಿಂದ “ನನ್ನ ಪುಸ್ತಕದ ಕಪಾಟ ನೋಡಲಿಕ್ಕರೆ ಬಾರವಾ” ಎಂದು ಕರೆಯುತ್ತಿದ್ದರು. ಕಾಕು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಪಿಂಚಣಿ ಬಂದಾಗಲೆಲ್ಲ ಒಂದಿಷ್ಟು ತೆಗೆದಿಟ್ಟು ಚಿತ್ರವಿರುವ ಕಥೆಯ ಪುಸ್ತಕ ಕೊಳ್ಳುವುದು ಅವರ ಹುಚ್ಚು. ಅದೂ ಎಂಥ ಪುಸ್ತಕ? ಒಂದೊಂದಕ್ಕೂ ಒಳ್ಳೆಯ ಇಳಕಲ್ಲ ರೇಷ್ಮೆ ಸೀರೆಯ ಬೆಲೆ!

ಕಲ್ಲಿನ ಮೇಲಿನ ಚಿತ್ರಕಥೆ

ಮೊದಲ ದಿನ ಸಂಜೆ ಕಾಕು ನನ್ನನ್ನು ಕರೆದುಕೊಂಡು ಹೋದದ್ದು ಕೋಟೆಗೆ. 1294ರಲ್ಲಿ ಈ ಕೋಟೆ ಕಟ್ಟಿದ ಸಂಗತಿಯನ್ನು ಹೇಳುವ ತೆಲುಗು ಶಾಸನ ಗೋಡೆಯಲ್ಲೇ ಇದೆ. ಅದನ್ನು ಕೊರೆದಿರುವ ಕಲ್ಲು ಸುಮಾರು 41 ಅಡಿ ಉದ್ದ. ಇಷ್ಟುದ್ದದ ಒಂದೇ ಚಪ್ಪಡಿಯನ್ನು ಇಲ್ಲಿಗೆ ತಂದದ್ದಾದರೂ ಹೇಗೆ ಎಂದು ನೋಡಿದವರೆಲ್ಲ ಕೇಳುತ್ತಾರೆ. ಕೇಳುವರೆಂದು ಗೊತ್ತಿದ್ದವರಂತೆ ಆ ಕಾಲದವರು ಅದರ ಚಿತ್ರವನ್ನೂ ಕಲ್ಲಿನಲ್ಲೇ ಗೀರಿಟ್ಟಿದ್ದಾರೆ. ಬಂಡಿಯ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದನೆಯ ಸಾಲು, ಜತೆಗೆ ಹುರಿದುಂಬಿಸುವ ಆಳುಗಳು.

“ನೋಡವಾ, ಇದು ನಮ್ಮೂರಿನ ಚಿತ್ರದ ಪುಸ್ತಕ. ಒಂದೇ ಪ್ರತಿ. ಯಾರೂ ಕದ್ದುಕೊಂಡು ಹೋಗಂಗಿಲ್ಲ” ಎಂದರು ಕಾಕು.

ಇದೇ ಕೋಟೆಗಾಗಿ 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ದೊಡ್ಡ ಯುದ್ಧವಾಯಿತು. ಮುಂದೆ ಈ ಸೀಮೆ ಬಿಜಾಪುರದವರ ಕೈಸೇರಿತು. ಆ ಅರಸರಿಗೂ ಚಿತ್ರದ ಪುಸ್ತಕಗಳ ಮೋಹ ಬಹಳ. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, 1570ರಲ್ಲಿ, ಸಿದ್ಧವಾದ ‘ನುಜೂಮ್ ಉಲ್ ಉಲೂಮ್’ ಎಂಬ ಜ್ಯೋತಿಷದ ಪುಸ್ತಕದಲ್ಲಿ ನೂರಾರು ಬಣ್ಣದ ಚಿತ್ರಗಳಿವೆ. ಅದು ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ದಖ್ಖನಿ ಭಾಷೆಯ ‘ಪೇಮ್ ನೇಮ್’ ಎಂಬ ಪ್ರೇಮಕಥೆಯ ಚಿತ್ರಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಮ್ಮ ನೆಲದಲ್ಲಿ ಹುಟ್ಟಿದ ಪುಸ್ತಕವನ್ನು ನೋಡಬೇಕಾದರೆ ಸಮುದ್ರ ದಾಟಬೇಕು. ಕಲ್ಲಿನ ಚಿತ್ರವೊಂದು ಮಾತ್ರ ಇದ್ದಲ್ಲೇ ಇದೆ.

ಕಪಾಟಿನ ಬಾಗಿಲು ತೆರೆದಾಗ

ಮರುದಿನ ಊಟವಾದ ಮೇಲೆ ಕಾಕು ಕಪಾಟಿನ ಬೀಗ ತೆಗೆದರು. ಅದಕ್ಕೂ ಮೊದಲು, “ಕೈಗೆ ಎಣ್ಣಿ ಹತ್ತಿರ್ತದ, ಸಾಬೂನು ಹಚ್ಚಿ ತೊಳಕೊಂಡು ಬಾ, ಚೆಂದಾಗಿ ಒರಸಿಕೋ” ಎಂದು ಆಜ್ಞೆ! ಒಳಗೆ ಏಳು ಪುಸ್ತಕಗಳು, ಒಂದೊಂದಕ್ಕೂ ಗಟ್ಟಿ ರಟ್ಟಿನ ಪೆಟ್ಟಿಗೆ. ಅರೇಬಿಯನ್ ನೈಟ್ಸ್ ಕಥೆಗಳು, ಆಂಡರ್ಸನ್ನನ ಕಥೆಗಳು, ಇಂಗ್ಲಿಷಿನಲ್ಲಿರುವ ಒಂದು ರಾಮಾಯಣ, ಹೀಗೆ. ಬಟ್ಟೆಯ ರಕ್ಷಾಪುಟ, ಚಿನ್ನದ ಬಣ್ಣದ ಅಕ್ಷರ, ದಪ್ಪ ಕಾಗದ. ಪ್ರತಿ ಚಿತ್ರದ ಮೇಲೂ ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆ. ಕೊನೆಯ ಪುಟದಲ್ಲಿ ಒಟ್ಟು ಎಷ್ಟು ಪ್ರತಿ ಅಚ್ಚಾದವು, ನಮ್ಮ ಕೈಯಲ್ಲಿರುವುದು ಎಷ್ಟನೆಯದು ಎಂಬ ಅಂಕಿ. ಕೆಲವಕ್ಕೆ ಚಿತ್ರಕಾರರ ಸಹಿ.

ಇದನ್ನೇ ಲಿಮಿಟೆಡ್ ಎಡಿಷನ್ ಎನ್ನುವುದು. ಇಷ್ಟೇ ಪ್ರತಿ ಎಂದು ಮೊದಲೇ ಹೇಳಿ ಅಚ್ಚು ಹಾಕುವುದು. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಎಂಬಾತ ಯಂತ್ರದ ಅಗ್ಗದ ಅಚ್ಚಿನಿಂದ ಬೇಸತ್ತು, ಕೈಮುದ್ರಣದಲ್ಲಿ ಹಳೆಯ ಕವಿ ಚಾಸರನ ಕಥೆಗಳನ್ನು 1896ರಲ್ಲಿ ಹೊರತಂದ. ಅದರಲ್ಲಿ 87 ಚಿತ್ರ. ಕಾಗದದ ಮೇಲೆ 425 ಪ್ರತಿ, ಚರ್ಮದ ಹಾಳೆಯ ಮೇಲೆ 13 ಪ್ರತಿ ಮಾತ್ರ. 1907ರಲ್ಲಿ ಎಡ್ಮಂಡ್ ಡ್ಯುಲಾಕ್ ಎಂಬ ಚಿತ್ರಕಾರನ ಅರೇಬಿಯನ್ ನೈಟ್ಸ್ ಪುಸ್ತಕ ಬಂದಾಗ, ಸಾಮಾನ್ಯ ಪ್ರತಿಗಳ ಜತೆಗೆ ಅವನ ಸಹಿಯಿರುವ 350 ಪ್ರತಿಗಳನ್ನು ಬೇರೆಯಾಗಿ ಮಾರಿದರು. 1929ರಲ್ಲಿ ಅಮೆರಿಕದ ಜಾರ್ಜ್ ಮೇಸಿ ಇದಕ್ಕೆಂದೇ ಒಂದು ಕ್ಲಬ್ ಕಟ್ಟಿದ. ಸದಸ್ಯರಿಗೆ ಮಾತ್ರ ಪುಸ್ತಕ, ಪ್ರತಿಯೊಂದೂ ಸುಮಾರು 1500 ಪ್ರತಿ. 1947ರಲ್ಲಿ ಲಂಡನ್ನಿನಲ್ಲಿ ಫೋಲಿಯೋ ಸೊಸೈಟಿ ಹುಟ್ಟಿತು.

ನಮ್ಮಲ್ಲೂ ಅರಸರು ಇಂಥದ್ದನ್ನು ಮಾಡಿಸಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಬರೆಯಿಸಿದ ‘ಶ್ರೀತತ್ತ್ವನಿಧಿ’ಯಲ್ಲಿ ದೇವತೆಗಳ ರೂಪವೆಲ್ಲ ಬಣ್ಣ, ಬಂಗಾರದಲ್ಲಿ ಮೂಡಿದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1997ರಿಂದ ಅದರ ಭಾಗಗಳನ್ನು ಬಣ್ಣದಲ್ಲೇ ಅಚ್ಚು ಹಾಕಿಸಿತು.

ಇಷ್ಟೆಲ್ಲ ನೋಡಿ ನಾನು ಮೈಮರೆತಿದ್ದಾಗ, ಚಹಾ ತಂದ ಕಾಕುವಿನ ಸೊಸೆ ಮೆಲ್ಲಗೆ ಅಂದಳು: “ಚೆಂದ ಅವ ಖರೆ ಅಕ್ಕಾ. ಆದ್ರ ಒಂದು ಪುಸ್ತಕದ ರೊಕ್ಕದಾಗ ತಿಂಗಳ ಕಿರಾಣಿ ಬರ್ತದ. ಅದೂ ಹೋಗ್ಲಿ, ನಮ್ಮ ಹುಡುಗ್ರು ಹತ್ರ ಬಂದ್ರ ಅತ್ತಿಯವರು ಬೈತಾರ. ಯಾರೂ ಓದದ ಪುಸ್ತಕ ಮನ್ಯಾಗ ಇದ್ರೇನು, ಅಂಗಡ್ಯಾಗ ಇದ್ರೇನು?”

ಕಾಕು ಮಾತಾಡಲಿಲ್ಲ. ಪುಸ್ತಕಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಸೇರಿಸಿದರು. ಅತ್ತೆ-ಸೊಸೆ ಇಬ್ಬರ ಮುಖವೂ ಸಪ್ಪಗಾಗಿತ್ತು. ಈ ಮಾತು ಆ ಮನೆಯಲ್ಲಿ ಹೊಸದಲ್ಲ ಎಂದು ನನಗೆ ತಿಳಿಯಿತು. ಸೊಸೆ ಹೇಳಿದ್ದರಲ್ಲಿ ತಪ್ಪಿಲ್ಲ. ಇಡೀ ಜನ್ಮ ದುಡಿದ ಹೆಂಗಸು ತನ್ನ ರೊಕ್ಕದಲ್ಲಿ ಒಂದು ಆಸೆ ತೀರಿಸಿಕೊಳ್ಳುವುದರಲ್ಲೂ ತಪ್ಪಿಲ್ಲ. ಇದನ್ನು ಬಿಡಿಸುವುದು ಹೇಗೆ?

ಕಪಾಟಿನ ತಳದಲ್ಲಿ ಕೆಂಪು ಬಟ್ಟೆಯ ಗಂಟೊಂದಿತ್ತು. “ಅದೇನು ಕಾಕು?” ಎಂದೆ. “ಅದಾ? ನಮ್ಮವ್ವನ ಹಾಡಿನ ಪುಸ್ತಕ. ಮದುವ್ಯಾಗ ಕೊಟ್ಟಿದ್ಲು. ನಮ್ಮ ಮೂರೂ ಮಂದಿ ಅಕ್ಕತಂಗ್ಯಾರಿಗೂ ಒಂದೊಂದು ಬರದು ಕೊಟ್ಟಿದ್ಲು. ಅಕ್ಕಂದು ಮಾನ್ವ್ಯಾಗ ಅದ, ತಂಗೀದು ದೇವದುರ್ಗದಾಗ.”

ಬಿಚ್ಚಿ ನೋಡಿದರೆ ಅಂಗಡಿಯವರ ಕಿರ್ದಿಯಂಥ ಉದ್ದನೆಯ ಪುಸ್ತಕ. ನೇರಳೆ ಶಾಯಿ, ಮುತ್ತಿನಂಥ ಅಕ್ಷರ. ಗೌರೀ ಹಾಡಿನ ಪುಟದ ಅಂಚಿಗೆ ಹಸೆಯ ರಂಗೋಲಿ, ತುಲಸೀ ಹಾಡಿಗೆ ವೃಂದಾವನ, ಹೆಳವನಕಟ್ಟೆ ಗಿರಿಯಮ್ಮನ ‘ಚಂದ್ರಹಾಸನ ಕಥೆ’ಗೆ ಕುದುರೆ, ತೋಟ, ಮಲಗಿದ ರಾಜಕುಮಾರ! ಆದರೆ ಕಥೆ ಅರ್ಧಕ್ಕೇ ನಿಂತಿತ್ತು; ಮುಂದಿನ ಹಾಳೆಗಳು ಎಂದೋ ಉದುರಿಹೋಗಿದ್ದವು. ಚಿತ್ರವಿರುವ ಪ್ರಾಚೀನ ಕಥೆ, ಒಟ್ಟು ಪ್ರತಿ ಮೂರು, ಬರೆದವಳ ಕೈಯ ಗುರುತು ಸಹಿತ. ಏಳು ಪುಸ್ತಕಗಳ ಕೆಳಗೆ ಎಂಟನೆಯದು ಇಷ್ಟು ವರ್ಷ ಮಲಗಿತ್ತು.

ನಾಳೆಯೇ ಮಾನ್ವಿಗೆ ಹೋಗೋಣ ಎಂದು ನಿಶ್ಚಯವಾಯಿತು. ಸೊಸೆಯೂ “ನಾನೂ ಬರ್ತೀನ್ರಿ” ಎಂದಳು.

ಮಾನ್ವಿಯಲ್ಲಿ

ರಾಯಚೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಾನ್ವಿ ಸಿಗುತ್ತದೆ. ಬಸ್ಸುಗಳಿಗೆ ಬರವಿಲ್ಲ. ಈ ಸೀಮೆ ಹರಿದಾಸರ ತವರು. ತುಂಗಭದ್ರೆಯ ದಂಡೆಯ ಚೀಕಲಪರವಿ ವಿಜಯದಾಸರ ಊರು. ಬ್ಯಾಗವಾಟ ಜಗನ್ನಾಥದಾಸರು ಹುಟ್ಟಿದ ಊರು. ಜಗನ್ನಾಥದಾಸರು ನೆಲೆಸಿದ್ದು ಮಾನ್ವಿಯಲ್ಲಿ. ಅವರು ಒರಗಿ ಕೂಡುತ್ತಿದ್ದರೆಂದು ಹೇಳುವ ಕಂಬಕ್ಕೆ ಇಂದಿಗೂ ಪೂಜೆ ನಡೆಯುತ್ತದೆ.

ಅವರ ಕಥೆ ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವುದೇ. ಮೊದಲು ಅವರು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದ ಹಾಡುಗಳೆಂದರೆ ಅಸಡ್ಡೆ. ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವೆಂದು ನೆಪ ಹೇಳಿದರು. ನೆಪವೇ ನಿಜವಾಗಿ ಹೊಟ್ಟೆಶೂಲೆ ಹಿಡಿಯಿತು. ಕೊನೆಗೆ ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷ ಅವರಿಗೆ ಧಾರೆಯೆರೆದರು ಎಂದು ಪ್ರತೀತಿ. ಉಳಿದ ಆಯುಸ್ಸಿನಲ್ಲಿ ಅವರು ಬರೆದದ್ದು ಕನ್ನಡದಲ್ಲಿ, ಭಾಮಿನಿ ಷಟ್ಪದಿಯ ‘ಹರಿಕಥಾಮೃತಸಾರ’. ಅಚ್ಚಿನ ಮನೆಗಳು ಬರುವ ಮೊದಲು ಅದು ಊರೂರಿಗೆ ಹೋದದ್ದು ಕೈಬರಹದಲ್ಲಿ, ಒಬ್ಬರ ಪ್ರತಿ ನೋಡಿ ಇನ್ನೊಬ್ಬರು ಬರೆದುಕೊಂಡು. ಹಳೆಯ ಪ್ರತಿಗಾರರು ಕೊನೆಯಲ್ಲಿ ತಮ್ಮ ಹೆಸರು, ಸಂವತ್ಸರ ಬರೆದು, ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ ಎಂದು ಓದುವವರನ್ನು ಬೇಡಿಕೊಳ್ಳುವ ಪದ್ಧತಿಯಿತ್ತು. ಕಾಕುವಿನ “ಕೈ ತೊಳಕೊಂಡು ಬಾ” ಎಂಬ ಆಜ್ಞೆ ಎಷ್ಟು ಹಳೆಯದು ನೋಡಿ!

ಕಾಕುವಿನ ಅಕ್ಕನಿಗೆ ಈಗ ಕಣ್ಣು ಮಂಜು. ಪುಸ್ತಕ ಕೇಳಿದೊಡನೆ ದೇವರ ಮನೆಯ ಗೂಡಿನಿಂದ ತೆಗೆದುಕೊಟ್ಟರು. ಪ್ರತಿ ಶುಕ್ರವಾರ ಅದನ್ನು ತೆರೆದು ಹಾಡುತ್ತಾರೆ. ಅದರ ಸ್ಥಿತಿ ಏನೆಂದು ಹೇಳಲಿ! ಪುಟದ ತುಂಬ ಅರಿಶಿನದ ಬೆರಳು, ಎಣ್ಣೆಯ ಕಲೆ, ಮೂಲೆಯೆಲ್ಲ ಮುದುರಿದೆ. ಆದರೆ ಚಂದ್ರಹಾಸನ ಕಥೆಯ ಕೊನೆ ಅದರಲ್ಲಿತ್ತು. ನಡುವಿನ ನಾಲ್ಕು ಹಾಳೆ ಮಾತ್ರ ಇಲ್ಲ. ಅಜ್ಜಿ ಕೂತಲ್ಲೇ ಕಣ್ಣು ಮುಚ್ಚಿ ಹಾಡಲು ಶುರುಮಾಡಿದರು. ಹಾಳೆ ಹೋದ ಕಡೆ ಹಾಡೂ ತಡವರಿಸಿತು. ಸೊಸೆ ಪುಸ್ತಕದ ಮೇಲೆ ಬಾಗಿ ಕೂತಿದ್ದಳು. “ಅತ್ತಿ, ಈ ಕುದುರಿ ನಿಮ್ಮ ಪುಸ್ತಕದ ಕುದುರಿಗಿಂತ ಬ್ಯಾರೆ ಅದ ನೋಡ್ರಿ” ಎಂದು ಮೊದಲು ಕಂಡುಹಿಡಿದವಳು ಅವಳೇ. ಮೂರೂ ಪ್ರತಿಗೆ ಅವ್ವ ಬೇರೆ ಬೇರೆ ಚಿತ್ರ ಬರೆದಿದ್ದಳು.

ದೇವದುರ್ಗದಲ್ಲಿ

ಮಾನ್ವಿಯಿಂದ ಸಿರವಾರದ ಮೇಲೆ ದೇವದುರ್ಗಕ್ಕೆ ಹೋದೆವು. ಆಯುಸ್ಸು ದಾನ ಕೊಟ್ಟ ಗೋಪಾಲದಾಸರ ಮೊಸರಕಲ್ಲು ಈ ತಾಲೂಕಿನದೇ. ಗಿರಿಯಮ್ಮನಿಗೆ ಅಂಕಿತ ಕೊಟ್ಟವರೂ ಅವರೇ ಎಂದು ದಾಸಪರಂಪರೆಯಲ್ಲಿ ಹೇಳಿಕೆಯಿದೆ. ಆಕೆಯ ಕಥೆಯನ್ನು ಹುಡುಕಿಕೊಂಡು ನಾವು ಅವರ ಸೀಮೆಗೇ ಬಂದಿದ್ದೆವು! ಇಲ್ಲಿಂದ ಕೃಷ್ಣೆ ದಾಟಿದರೆ ಸುರಪುರ. ಬಂಗಾರದ ರೇಖು ಹಚ್ಚಿ ಬರೆಯುವ ಸುರಪುರದ ಚಿತ್ರಗಳಿಗೆ ಅಲ್ಲಿಯ ನಾಯಕ ಅರಸರು ಆಶ್ರಯ ಕೊಟ್ಟಿದ್ದರು. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಅಂತ್ಯದೊಡನೆ ಆ ಸಂಸ್ಥಾನ ಮುಳುಗಿತು. ಪೋಷಿಸುವವರು ಹೋದ ಮೇಲೆ ಕಲೆಯೂ ಬಡವಾಯಿತು.

ತಂಗಿಯ ಮನೆಯಲ್ಲಿ ಪುಸ್ತಕವನ್ನು ಬಹಳ ಜೋಪಾನವಾಗಿ ಇಟ್ಟಿದ್ದರು. ಕಟ್ಟಿಗೆಯ ಪೆಟ್ಟಿಗೆ, ಅದರ ಮೇಲೆ ಇನ್ನೊಂದು ಪೆಟ್ಟಿಗೆ. ಹತ್ತು ವರ್ಷ ಯಾರೂ ಮುಟ್ಟಿರಲಿಲ್ಲ. ತೆಗೆದರೆ ಗೆದ್ದಲು! ಅರ್ಧ ಪುಸ್ತಕ ಮಣ್ಣಾಗಿತ್ತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟರು. “ಅವ್ವ ಎರಡನೇ ಸಲ ಹೋದಂಗಾತು” ಎಂದರು. ಯಾರಿಗೂ ಏನು ಹೇಳಬೇಕೋ ತೋಚಲಿಲ್ಲ. ಸೊಸೆಯೇ ಮೃದುವಾದ ಕುಂಚ ತರಿಸಿ, ಹಾಳೆ ಹಾಳೆಯಾಗಿ ಮಣ್ಣು ಸರಿಸುತ್ತ ಕೂತಳು. ಸಂಜೆಯ ಹೊತ್ತಿಗೆ ಚಂದ್ರಹಾಸನ ಕಥೆಯ ನಡುಭಾಗದ ಹಾಳೆಗಳು ಸಿಕ್ಕವು. ಅಂಚು ಹೋಗಿದೆ, ಅಕ್ಷರ ಉಳಿದಿದೆ. ಮಾನ್ವಿಯಲ್ಲಿ ಇಲ್ಲದ ನಾಲ್ಕು ಹಾಳೆಯ ಹಾಡೂ ಅದರಲ್ಲಿತ್ತು.

ಮುಟ್ಟಿ ಮುಟ್ಟಿ ಸವೆದ ಪ್ರತಿ ಉಳಿಯಿತು; ಮುಟ್ಟದೆ ಮುಚ್ಚಿಟ್ಟ ಪ್ರತಿ ಗೆದ್ದಲಿಗೆ ಹೋಯಿತು. ವಾರಕ್ಕೊಮ್ಮೆ ತೆರೆಯುವ ಪುಸ್ತಕದಲ್ಲಿ ಹುಳ ಮನೆ ಮಾಡಲಾರದು, ಮಾಡಿದರೂ ಬೇಗ ಕಣ್ಣಿಗೆ ಬೀಳುತ್ತದೆ. ಪುಸ್ತಕ ಎಷ್ಟೇ ಬೆಲೆಯದಾಗಲಿ, ಅದರ ಕಾವಲು ಅದನ್ನು ತೆರೆಯುವ ಕೈ.

ರಾಯಚೂರಿಗೆ ಹಿಂದಿರುಗಿದ ಮೇಲೆ ಅತ್ತೆ-ಸೊಸೆ ಕೂತು ಒಂದು ಲೆಕ್ಕ ಹಾಕಿದರು. ಮುಂದಿನ ದುಬಾರಿ ಪುಸ್ತಕಕ್ಕೆಂದು ತೆಗೆದಿಟ್ಟ ರೊಕ್ಕದಲ್ಲಿ ಮೂರೂ ಹಾಡಿನ ಪುಸ್ತಕಗಳ ಫೋಟೋ ತೆಗೆಸಿ, ಕಥೆಯನ್ನು ಕೂಡಿಸಿ, ಬಣ್ಣದಲ್ಲಿ ಅಚ್ಚು ಹಾಕಿಸಿ, ಬಟ್ಟೆಯ ಬೈಂಡು ಮಾಡಿಸುವುದು. ಒಟ್ಟು ಒಂಬತ್ತು ಪ್ರತಿ, ಒಂಬತ್ತು ಮೊಮ್ಮಕ್ಕಳಿಗೆ. ಕೊನೆಯ ಪುಟದಲ್ಲಿ ಅಂಕಿ ಹಾಕುವ ಕೆಲಸ ಮಾನ್ವಿಯ ಅಜ್ಜಿಯದು. ಕಪಾಟಿನ ಏಳು ಪುಸ್ತಕಗಳಿಗೂ ಒಂದು ಕಟ್ಟಳೆಯಾಯಿತು: ಶುಕ್ರವಾರ ರಾತ್ರಿ ಮಕ್ಕಳು ಕೈತೊಳೆದು ಸಾಲಾಗಿ ಕೂತರೆ ಕಾಕು ಒಂದು ಕಥೆ ಓದಿ, ಚಿತ್ರ ತೋರಿಸಬೇಕು.

ನಿಮ್ಮ ಅಟ್ಟದಲ್ಲೇನಿದೆ?

ರದ್ದಿಯವನನ್ನು ಕರೆಯುವ ಮೊದಲು ಅಟ್ಟವನ್ನೊಮ್ಮೆ ನೋಡಿ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಬೇಗನೆ ಕನ್ನಡಕ್ಕೂ ಬಂದ ‘ಚಂದಮಾಮ’ ಈಗ ನಿಂತುಹೋಗಿದೆ. ಹಳೆಯ ಸಂಚಿಕೆಗಳನ್ನು ವರ್ಷವಾರು ಬೈಂಡು ಮಾಡಿಸಿಟ್ಟವರು ಭಾಗ್ಯವಂತರು. ‘ಅಮರ ಚಿತ್ರ ಕಥೆ’ಯ ಮೊದಲ ಪುಸ್ತಕಗಳು 1965ರ ಸುಮಾರಿಗೆ ಬಂದದ್ದು ಕನ್ನಡದಲ್ಲೇ, ಅವು ಸಿಂಡರೆಲಾ ಮೊದಲಾದ ಪರದೇಶದ ಕಥೆಗಳು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯುವ ತನಕ ಮಾಸ್ಕೋದಲ್ಲಿ ಅಚ್ಚಾದ ಬಣ್ಣದ ಮಕ್ಕಳ ಕಥೆಗಳು ಕನ್ನಡದಲ್ಲಿ ಕೆಲವೇ ರೂಪಾಯಿಗೆ ಸಿಗುತ್ತಿದ್ದವು. ಇವನ್ನು ಈಗ ಹುಡುಕಿ ಕೊಳ್ಳುವವರಿದ್ದಾರೆ.

ಹೊಸದಾಗಿ ದುಬಾರಿ ಪುಸ್ತಕ ಕೊಳ್ಳುವವರಿಗೆ ನಾಲ್ಕು ಮಾತು: ಒಟ್ಟು ಎಷ್ಟು ಪ್ರತಿ ಎಂದು ಪುಸ್ತಕದಲ್ಲೇ ಅಚ್ಚಾಗಿರಬೇಕು, ಬರೀ “ಲಿಮಿಟೆಡ್” ಎಂಬ ಮಾತು ಅಂಗಡಿಯ ಗಾಳ. ಬಂಗಾರದಂತೆ ಬೆಲೆ ಏರೀತೆಂದು ಕೊಳ್ಳಬೇಡಿ. ಮಾರಲು ಹೋದಾಗ ಕೊಂಡ ಬೆಲೆಯೂ ಬಾರದಿರಬಹುದು. ಮನೆಯವರು ಓದುವ ಭಾಷೆಯದೇ ಇರಲಿ. ಒಬ್ಬರ ಕೈಗೆ ಎಟುಕದಿದ್ದರೆ ಓಣಿಯ ನಾಲ್ವರು ಚೀಟಿ ಹಾಕಿದಂತೆ ಕೂಡಿ ಕೊಂಡು, ಮೂರು ಮೂರು ತಿಂಗಳು ಒಬ್ಬೊಬ್ಬರ ಮನೆಯಲ್ಲಿಟ್ಟುಕೊಳ್ಳಬಹುದು.

ಇನ್ನು ಜೋಪಾನ:

ದೊಡ್ಡ ಚಿತ್ರದ ಪುಸ್ತಕವನ್ನು ಮಲಗಿಸಿ ಇಡಿ. ನಿಲ್ಲಿಸಿದರೆ ಹೊಲಿಗೆ ಹರಿಯುತ್ತದೆ. ಕಪಾಟು ಪಡುವಣ ಬಿಸಿಲಿನ ಗೋಡೆಗೆ ತಾಗದಿರಲಿ, ಗೋಡೆಗೂ ಕಪಾಟಿಗೂ ನಡುವೆ ಒಂದು ಗೇಣು ಜಾಗವಿರಲಿ.

ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ತೊಳೆದ ಹಳೆಯ ಹತ್ತಿ ಬಟ್ಟೆ ಸುತ್ತಿ. ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಚಿಕ್ಕ ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡಿ. ಹಾಳೆಗಳ ನಡುವೆ ಹಾಕಬೇಡಿ, ಕಲೆಯಾಗುತ್ತದೆ.

ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಲೇಬೇಡಿ. ಕೆಲವು ವರ್ಷದಲ್ಲಿ ಅದು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಬೆರಳಿಗೆ ಉಗುಳು ಹಚ್ಚಿ ಪುಟ ತಿರುವುವ ಅಭ್ಯಾಸ ಬಿಡಿ.

ಕೈಬರಹದ ಹಾಡಿನ ಪುಸ್ತಕವಿದ್ದರೆ ಈ ವಾರವೇ ಮೊಬೈಲಿನಲ್ಲಿ ಪುಟ ಪುಟವೂ ಫೋಟೋ ತೆಗೆದು ಎರಡು ಕಡೆ ಇಡಿ. ಹಾಡು ಬರುವ ಹಿರಿಯರಿದ್ದರೆ ಅವರ ದನಿಯನ್ನೂ ತುಂಬಿಕೊಳ್ಳಿ.

ತಾಳೆಗರಿಯ ಕಟ್ಟಿದ್ದರೆ ಬಿಸಿಲಿಗೆ ಹರಡಬೇಡಿ, ನೀರಿನಿಂದ ಒರೆಸಬೇಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ. ಬಲ್ಲವರನ್ನು ಕೇಳಿ ಮುಂದುವರಿಯಿರಿ.

ರಾಯಚೂರಿಗೆ ಹೋಗುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೊರಡಿ. ಬೆಳಿಗ್ಗೆ ಕೋಟೆ ನೋಡಿ, ಒಂದು ದಿನ ಮಾನ್ವಿ, ಚೀಕಲಪರವಿಗೆ, ಇನ್ನೊಂದು ದಿನ ದೇವದುರ್ಗ, ಮೊಸರಕಲ್ಲಿಗೆ ಇಟ್ಟುಕೊಳ್ಳಿ. ದಾರಿಗೆ ನೀರು, ತಲೆಗೆ ಸೆರಗು ಮರೆಯಬೇಡಿ. ಅಲ್ಲಿ ನಿಮ್ಮ ಬಳಗದ ಹಿರಿಯ ಹೆಂಗಸರಿದ್ದರೆ, “ನಿಮ್ಮವ್ವನ ಹಾಡಿನ ಪುಸ್ತಕ ಎಲ್ಲದ ಅಜ್ಜೀ?” ಎಂದು ಕೇಳುವುದನ್ನಂತೂ ಮರೆಯಲೇಬೇಡಿ.